ಹೂಳಬೇಕೋ, ಸುಡಬೇಕೋ? ಅಜ್ಜಿ ಕೇಳಿದ ಪ್ರಶ್ನೆ

ಆಫೀಸಲ್ಲಿ ಟೀ ಕುಡಿಯುವಾಗ ಗೆಳೆಯರು ಆಗಾಗ ಕೇಳ್ತಾರೆ: ‘ನಿಮ್ಮಲ್ಲಿ ಸತ್ತ ಮೇಲೆ ಏನಾಗುತ್ತೆ? ಸ್ವರ್ಗ, ನರಕ ಅಷ್ಟೇನಾ?’ ಅಷ್ಟೇ ಅಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ನಾವೆಲ್ಲ ಎದ್ದು ನಿಂತು ವಿಶ್ವಾಸ ಪ್ರಕಟಿಸುವಾಗ, ಸತ್ತವರು ಒಂದು ದಿನ ಎದ್ದು ಬರುತ್ತಾರೆ ಎಂದೂ ಹೇಳುತ್ತೇವೆ. ಆತ್ಮ ಮಾತ್ರ ಎಲ್ಲೋ ಹಾರಿಹೋಗಿ ಉಳಿದುಬಿಡುವುದಲ್ಲ, ದೇಹಕ್ಕೂ ಒಂದು ನಾಳೆ ಇದೆ ಅನ್ನೋದು ಈ ನಂಬಿಕೆ. ಕನ್ನಡ ಬೈಬಲ್ ಇದಕ್ಕೆ ಬಳಸುವ ಪದ ಪುನರುತ್ಥಾನ.

ಇದು ಪುನರ್ಜನ್ಮ ಅಲ್ಲ. ಇನ್ನೊಂದು ಹೊಟ್ಟೆಯಲ್ಲಿ, ಇನ್ನೊಂದು ಹೆಸರಲ್ಲಿ ಹುಟ್ಟಿ ಬರುವುದಲ್ಲ. ಅದೇ ವ್ಯಕ್ತಿ, ಒಂದೇ ಸಲ, ಮತ್ತೆ ಸಾವಿಲ್ಲದ ಹಾಗೆ ಏಳುವುದು. ಯೇಸು ಬದುಕಿದ್ದ ಕಾಲದಲ್ಲೇ ಯೆಹೂದಿಗಳಲ್ಲಿ ಈ ಬಗ್ಗೆ ಜಗಳವಿತ್ತು. ಫರಿಸಾಯರು ಸತ್ತವರು ಏಳುತ್ತಾರೆ ಅಂದರೆ, ಸದ್ದುಕಾಯರು ಸಾಧ್ಯವೇ ಇಲ್ಲ ಅನ್ನುತ್ತಿದ್ದರು. ಯೇಸುವಿನ ಶಿಷ್ಯರು ಇನ್ನೂ ಮುಂದೆ ಹೋದರು. ಶಿಲುಬೆಯ ಮೇಲೆ ಸತ್ತವನು ಮೂರನೆಯ ದಿನ ಎದ್ದಿದ್ದಾನೆ, ನಾವೇ ಕಂಡಿದ್ದೇವೆ ಎಂದು ಸಾರಿದರು. ಎದ್ದವನು ಭೂತ ಅಲ್ಲ ಅಂತ ತೋರಿಸಲು ಸುವಾರ್ತೆಗಳು ಕೊಡುವ ವಿವರ ನೋಡಿ: ಅವನು ಶಿಷ್ಯರ ಮುಂದೆ ಸುಟ್ಟ ಮೀನು ತಿನ್ನುತ್ತಾನೆ, ಸಂಶಯಪಟ್ಟ ತೋಮನಿಗೆ ಗಾಯದ ಗುರುತು ಮುಟ್ಟಿ ನೋಡು ಅನ್ನುತ್ತಾನೆ. ಆ ತೋಮನೇ ಮುಂದೆ ಭಾರತಕ್ಕೆ ಬಂದ, ಅವನ ಸಮಾಧಿ ಚೆನ್ನೈನ ಮೈಲಾಪುರದಲ್ಲಿದೆ ಅನ್ನೋದು ನಮ್ಮವರು ತಲೆಮಾರುಗಳಿಂದ ನಂಬಿಕೊಂಡು ಬಂದ ಮಾತು.

ಸಾವಿಗೂ ಆ ಕಡೆಯ ದಿನಕ್ಕೂ ನಡುವೆ ಏನು? ಇಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಸತ್ತ ಕೂಡಲೇ ಆತ್ಮಕ್ಕೆ ತೀರ್ಪಾಗುತ್ತದೆ, ದೇವರ ಸ್ನೇಹದಲ್ಲಿ ಸತ್ತರೂ ಇನ್ನೂ ಶುದ್ಧವಾಗಬೇಕಾದವರಿಗೆ ಒಂದು ಶುದ್ಧೀಕರಣದ ಸ್ಥಿತಿ ಇದೆ ಅನ್ನುವುದು ಕ್ಯಾಥೋಲಿಕರ ನಂಬಿಕೆ. ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಸತ್ತವರಿಗಾಗಿ ಪ್ರಾರ್ಥಿಸುವುದು ಅದಕ್ಕೇ. ಪ್ರೊಟೆಸ್ಟೆಂಟರು ಈ ಶುದ್ಧೀಕರಣದ ಮಾತನ್ನು ಒಪ್ಪುವುದಿಲ್ಲ. ಆದರೆ ಕೊನೆಗೆ ಸತ್ತವರು ಏಳುತ್ತಾರೆ ಅನ್ನುವಲ್ಲಿ ಎರಡೂ ಕಡೆಯವರು ಒಂದೇ.

ಇದೆಲ್ಲ ನನಗೆ ಧರ್ಮೋಪದೇಶದ ತರಗತಿಯ ಪಾಠವಾಗಿಯೇ ಉಳಿದಿತ್ತು. ಬೆಂಗಳೂರಿನ ನಮ್ಮ ಚಿಕ್ಕಪ್ಪ ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ‘ನಾನು ಸತ್ತರೆ ಹೂಳೋದು ಬೇಡ, ವಿದ್ಯುತ್ ಚಿತಾಗಾರಕ್ಕೆ ಒಯ್ದುಬಿಡಿ. ಈ ಊರಲ್ಲಿ ಬದುಕಿದವರಿಗೇ ಜಾಗ ಇಲ್ಲ’ ಅಂದುಬಿಟ್ಟರು. ಅಜ್ಜಿ ಕಲಸಿದ ಅನ್ನ ಹಾಗೇ ಬಿಟ್ಟು ನನ್ನ ಕಡೆ ತಿರುಗಿದರು. ‘ಸುಟ್ಟುಬಿಟ್ರೆ ಕಡೇ ದಿನ ಇವನು ಹೇಗೆ ಏಳ್ತಾನೆ ಮಗಾ?’

ಯಾರೂ ನಗಲಿಲ್ಲ. ಮಗನನ್ನು ಮತ್ತೆ ನೋಡ್ತೀನೋ ಇಲ್ವೋ ಅನ್ನೋ ಭಯ ಅದು. ನಾನು ಓದಲು ಕೂತೆ.

ಅಜ್ಜಿಯ ಭಯ ಹೊಸದಲ್ಲ. ಕ್ರಿ.ಶ. 177ರಲ್ಲಿ, ಇಂದಿನ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ರೋಮನ್ ಆಡಳಿತ ಅನೇಕ ಕ್ರೈಸ್ತರನ್ನು ಹಿಂಸಿಸಿ ಕೊಂದಿತು. ಅವರ ಶವಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಈಗ ಹೇಗೆ ಏಳುತ್ತಾರೋ ನೋಡೋಣ ಎಂಬ ಅಣಕ ಅದರಲ್ಲಿತ್ತು ಎಂದು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟ ಪತ್ರ ಹೇಳುತ್ತದೆ. ಆದರೆ ಬದುಕುಳಿದ ಕ್ರೈಸ್ತರು ನಂಬಿಕೆ ಬಿಡಲಿಲ್ಲ. ಬೂದಿಯಾದವರನ್ನೇ ಸಂತರೆಂದು ನೆನೆದರು.

387ರಲ್ಲಿ ಸಂತ ಆಗಸ್ಟೀನರ ತಾಯಿ ಮೋನಿಕಾ, ರೋಮ್ ಹತ್ತಿರದ ಓಸ್ತಿಯಾ ಬಂದರಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದರು. ಆಫ್ರಿಕಾದ ತಮ್ಮ ಊರಲ್ಲಿ, ಗಂಡನ ಪಕ್ಕದಲ್ಲೇ ಮಣ್ಣಾಗಬೇಕು ಅನ್ನುವುದು ಅವರ ಬಹುದಿನದ ಆಸೆ. ಕೊನೆಗೆ ಮಾತ್ರ ದೇಹವನ್ನು ಎಲ್ಲಾದರೂ ಇಡಿ, ಪ್ರಾರ್ಥನೆಯಲ್ಲಿ ನನ್ನನ್ನು ನೆನೆಯಿರಿ ಅಂದರಂತೆ. ದೇವರಿಗೆ ದೂರವಾದ ಜಾಗ ಯಾವುದೂ ಇಲ್ಲ, ಕಡೆಯ ದಿನ ನನ್ನನ್ನು ಎಲ್ಲಿಂದ ಎಬ್ಬಿಸಬೇಕು ಅಂತ ಅವನಿಗೆ ಗೊತ್ತಾಗದೇ ಇರುತ್ತಾ ಅನ್ನುವುದು ಅವರ ಧೈರ್ಯ.

ಸಂತ ಪೌಲ ಇನ್ನೂ ಹಿಂದೆಯೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಬೀಜದ ಹೋಲಿಕೆ ಕೊಟ್ಟಿದ್ದ. ಬಿತ್ತಿದ ಕಾಳು ಮಣ್ಣಲ್ಲಿ ಸಾಯುತ್ತದೆ; ಬರುವ ಪೈರು ಆ ಕಾಳಿನ ಆಕಾರದಲ್ಲಿ ಇರುವುದಿಲ್ಲ, ಆದರೂ ಅದರದೇ ಪೈರು. ನಮ್ಮ ವೃತ್ತಿಯವರಿಗೆ ಪುನರುತ್ಥಾನ ಅಂದರೆ ಬ್ಯಾಕಪ್‌ನಿಂದ ಹಳೇ ಫೈಲು ರಿಸ್ಟೋರ್ ಮಾಡಿದ ಹಾಗೆ ಅನಿಸಬಹುದು. ಪೌಲ ಹೇಳುವುದು ಹಾಗಲ್ಲ. ಹಳೆಯ ಎಲುಬು ಲೆಕ್ಕ ಹಾಕಿ ಜೋಡಿಸುವ ಕೆಲಸವಾಗಿದ್ದರೆ ಹೂತ ದೇಹಕ್ಕೂ ಕಷ್ಟವೇ, ಮಣ್ಣು ಅದನ್ನೂ ಬಿಡುವುದಿಲ್ಲವಲ್ಲ!

ಹಾಗಿದ್ದರೆ ಸುಡುವುದಕ್ಕೆ ತಡೆ ಯಾಕಿತ್ತು? 19ನೇ ಶತಮಾನದ ಯುರೋಪಿನಲ್ಲಿ ಕೆಲವರು ಪುನರುತ್ಥಾನವನ್ನು ಧಿಕ್ಕರಿಸಲೆಂದೇ ಶವದಹನವನ್ನು ಮುಂದಿಟ್ಟಿದ್ದರು. 1886ರಲ್ಲಿ ಕ್ಯಾಥೋಲಿಕ್ ಚರ್ಚ್ ಅದನ್ನು ನಿಷೇಧಿಸಿತು. 1963ರಲ್ಲಿ ನಿಷೇಧ ಸಡಿಲವಾಯಿತು. ನಂಬಿಕೆಯನ್ನು ಧಿಕ್ಕರಿಸುವ ಉದ್ದೇಶ ಇಲ್ಲದಿದ್ದರೆ ಸುಡಬಹುದು, ಹೂಳುವುದು ಮಾತ್ರ ಹೆಚ್ಚು ಇಷ್ಟ ಎಂದು 1983ರ ಚರ್ಚ್ ಕಾನೂನೂ ಹೇಳಿತು. 2016ರ ಸೂಚನೆಯ ಪ್ರಕಾರ ಬೂದಿಯನ್ನು ನೀರಿಗೆ, ಗಾಳಿಗೆ ಬಿಡುವಂತಿಲ್ಲ, ಒಡವೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಸಮಾಧಿ ಭೂಮಿಯಲ್ಲೋ ಪವಿತ್ರ ಸ್ಥಳದಲ್ಲೋ ಇಡಬೇಕು. ಆರ್ಥಡಾಕ್ಸ್ ಸಭೆಗಳು ಸಾಮಾನ್ಯವಾಗಿ ಇಂದಿಗೂ ಸುಡುವುದನ್ನು ಒಪ್ಪುವುದಿಲ್ಲ.

ಇಷ್ಟನ್ನೂ ಅಜ್ಜಿಗೆ ಕೂತು ಹೇಳಿದೆ. ಮೋನಿಕಾ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಅಂದರು: ‘ಏಳಿಸೋದು ದೇವರ ಕೆಲಸ, ಅದು ಸರಿ. ಆದ್ರೆ ನವೆಂಬರಲ್ಲಿ ಮೇಣದಬತ್ತಿ ಹಚ್ಚೋಕೆ ನಂಗೊಂದು ಜಾಗ ಬೇಕು.’

ಚರ್ಚು ಬೂದಿಗೂ ಒಂದು ಜಾಗ ಇರಲಿ ಅನ್ನುವುದರ ಕಾರಣಗಳಲ್ಲಿ ಇದೂ ಒಂದು. ಸತ್ತವರು ಮನೆಯವರಿಗೆ ಮಾತ್ರ ಸೇರಿದವರಲ್ಲ, ಅವರನ್ನು ನೆನೆದು ಪ್ರಾರ್ಥಿಸಲು ಎಲ್ಲರಿಗೂ ಒಂದು ತಾಣ ಬೇಕು. ಗ್ರೀಕರಲ್ಲಿ ‘ಮಲಗುವ ಜಾಗ’ ಎಂಬ ಅರ್ಥವಿದ್ದ ಪದವನ್ನೇ ಮೊದಲ ಕ್ರೈಸ್ತರು ಸಮಾಧಿ ಭೂಮಿಗೆ ಇಟ್ಟರು. ಇಂಗ್ಲಿಷಿನ ಸೆಮೆಟರಿ ಬಂದಿದ್ದು ಅದರಿಂದಲೇ. ಮಲಗಿದವರು ಏಳುತ್ತಾರೆ ಅನ್ನುವ ಭರವಸೆ ಆ ಹೆಸರಲ್ಲೇ ಇದೆ.

ನಮ್ಮ ಮನೆಯಲ್ಲಿ ಈಗ ಒಪ್ಪಂದ ಆಗಿದೆ. ಚಿಕ್ಕಪ್ಪನ ಇಷ್ಟದಂತೆ ದಹನ, ಅಜ್ಜಿಯ ಇಷ್ಟದಂತೆ ಬೂದಿಗೆ ತಾತನ ಸಮಾಧಿಯಲ್ಲೇ ಜಾಗ, ಅದಕ್ಕೆ ಫಾದರ್ ಒಪ್ಪಿಗೆ ಕೇಳುವ ಕೆಲಸ ನನ್ನದು. ನಿಮ್ಮ ಧರ್ಮ ಯಾವುದೇ ಇರಲಿ, ಮನೆಯ ಹಿರಿಯರ ಹತ್ತಿರ ಈ ಮಾತು ಎತ್ತಲು ಆಸ್ಪತ್ರೆಯ ವರಾಂಡಕ್ಕಿಂತ ಊಟದ ಹೊತ್ತೇ ವಾಸಿ. ಅವರಿಗೆ ಏನು ಬೇಕು ಅಂತ ಅವರ ಬಾಯಿಂದಲೇ ಕೇಳಿಟ್ಟುಕೊಳ್ಳಿ.