ಹಿತ್ತಲನ್ನು ಸ್ವಲ್ಪ ಹಾಳು ಬಿಡಿ

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಚಳಿ ಹೋಗುವ ಹೊತ್ತಿಗೆ ಕಂಚುಗಾರ ಹಕ್ಕಿ ಕೆಲಸ ಶುರು ಮಾಡುತ್ತದೆ. ಯಾವುದೋ ಒಣಗಿದ ಕೊಂಬೆಯ ತುದಿಯಲ್ಲಿ ಕೂತು ಟುಕ್ ಟುಕ್ ಟುಕ್ ಎಂದು ಒಂದೇ ಲಯದಲ್ಲಿ ನಿಮಿಷಗಟ್ಟಲೆ ಕೂಗುತ್ತದೆ. ಗುಬ್ಬಚ್ಚಿಗಿಂತ ತುಸು ದೊಡ್ಡದು. ಹಸಿರು ಮೈ, ಹಣೆಯಲ್ಲೊಂದು ಎದೆಯಲ್ಲೊಂದು ಕೆಂಪು ಗುರುತು, ಕಣ್ಣಿನ ಮೇಲೂ ಕೆಳಗೂ ಹಳದಿ. ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಸದ್ದು ಎತ್ತಲಿಂದ ಬರುತ್ತಿದೆಯೆಂದು ಗೊತ್ತೇ ಆಗುವುದಿಲ್ಲ. ಹುಡುಕುವವರು ಎಲೆಯ ಗುಂಪನ್ನು ಬಿಟ್ಟು ಬೋಳು ರೆಂಬೆಗಳನ್ನು ನೋಡಬೇಕು.

ಚಳಿಗಾಲದಲ್ಲಿ ಹೆಚ್ಚುಕಡಿಮೆ ಮೌನವಾಗಿದ್ದ ಮಡಿವಾಳ ಹಕ್ಕಿಯೂ ಈಗ ದನಿ ತೆರೆಯುತ್ತದೆ. ಬೆಳಕು ಹರಿಯುವ ಮೊದಲೇ ನೀರಿನ ಟ್ಯಾಂಕಿನ ಮೇಲೋ ಟೀವಿ ಡಿಶ್‌ನ ಅಂಚಿನಲ್ಲೋ ಗಂಡು ಹಕ್ಕಿ ಹಾಜರ್. ಕಪ್ಪು ಬಿಳುಪಿನ ಈ ಪುಟ್ಟ ಜೀವದ ಹಾಡಿಗೆ ನಮ್ಮ ಊರುಗಳಲ್ಲಿ ಸಾಟಿಯಿಲ್ಲ ಎಂದು ನಾನು ನಂಬಿದ್ದೇನೆ. ಕೋಗಿಲೆಗೆ ಸಿಕ್ಕ ಹೆಸರಿನಲ್ಲಿ ಅರ್ಧವಾದರೂ ಇದಕ್ಕೆ ಸಿಗಬೇಕಿತ್ತು.

ಹಕ್ಕಿಗಳನ್ನು ಅಂಗಳಕ್ಕೆ ಕರೆಯುವ ವಿಚಾರ ಬಂದಾಗ ಜನರಿಗೆ ಮೊದಲು ನೆನಪಾಗುವುದು ಕಾಳಿನ ಡಬ್ಬಿ. ಹಿಮ ಬೀಳುವ ದೇಶಗಳಲ್ಲಿ ಅದಕ್ಕೆ ಅರ್ಥವಿದೆ, ಚಳಿಗಾಲದ ಕೊನೆಯಲ್ಲಿ ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮುತ್ತುಗ, ಬೂರುಗ, ಹಾಲುವಾಣದ ಮರಗಳು ಎಲೆ ಉದುರಿಸಿ ಮೈತುಂಬ ಹೂ ಬಿಡುತ್ತವೆ. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿಗಳ ಹಿಂಡು ಈ ಹೂಗಳ ಮೇಲೆ ಮುಗಿಬಿದ್ದು ಮಕರಂದ ಹೀರಿ, ಸೆಖೆ ಏರುತ್ತಿದ್ದಂತೆ ವಾಪಸು ಹೊರಡುತ್ತದೆ. ಬೇವು, ಹೊಂಗೆಗಳು ಚಿಗುರುತ್ತವೆ, ಚಿಗುರಿನ ಬೆನ್ನಿಗೆ ಹುಳ ಬರುತ್ತದೆ. ಊಟಕ್ಕೆ ಬರವಿಲ್ಲ. ಬರ ಇರುವುದು ನೀರಿಗೆ, ಅದಕ್ಕಿಂತ ಹೆಚ್ಚಾಗಿ ಗೂಡು ಕಟ್ಟುವ ಜಾಗಕ್ಕೆ.

ಸೂರಕ್ಕಿಯ ಗೂಡನ್ನೇ ನೋಡಿ. ತೆಳು ರೆಂಬೆಯಿಂದ ಚೀಲದಂತೆ ಜೋತುಬಿದ್ದಿರುತ್ತದೆ, ಬಾಗಿಲಿನ ಮೇಲೊಂದು ಪುಟ್ಟ ಸೂರು. ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ, ಇವೆಲ್ಲವನ್ನೂ ಹಿಡಿದಿಡುವುದು ಜೇಡರ ಬಲೆ. ಹಬ್ಬಕ್ಕೆಂದು ಮೂಲೆಮೂಲೆಯ ಬಲೆ ತೆಗೆದು, ಗಿಡಗಳಿಗೆ ಔಷಧಿ ಹೊಡೆದು, ಆಮೇಲೆ ದಾಸವಾಳ ನೆಟ್ಟು ಸೂರಕ್ಕಿಗೆ ಕಾದರೆ ಅದು ಮಕರಂದ ಕುಡಿದು ಹೋದೀತು, ಉಳಿಯಲಾರದು. ಮನೆಯೊಳಗಿನ ಬಲೆ ತೆಗೆಯಿರಿ, ಹಿತ್ತಲಿನದನ್ನು ಬಿಡಿ.

ಮರಿಗಳ ಹೊಟ್ಟೆ ತುಂಬುವುದೂ ಹುಳದಿಂದಲೇ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಎಳೆಮರಿಗೆ ಮೆತ್ತನೆಯ ಹುಳುಗಳನ್ನೇ ತಂದು ಉಣಿಸುತ್ತದೆ. 2010ರಿಂದ ಪ್ರತಿ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ನಡೆಯುತ್ತಿದೆ. ಆ ದಿನ ಮರದ ಗೂಡುಪೆಟ್ಟಿಗೆ ಹಂಚುವುದು ಒಳ್ಳೆಯದೇ, ಆದರೆ ಸುತ್ತ ಒಂದು ಪೊದೆಯಾಗಲಿ ಮಣ್ಣಿನ ನೆಲವಾಗಲಿ ಇಲ್ಲದ ಕಡೆ ಪೆಟ್ಟಿಗೆಯೊಂದೇ ಏನು ಮಾಡೀತು?

ತರಗೆಲೆಯ ರಾಶಿಗೆ ದಯವಿಟ್ಟು ಬೆಂಕಿ ಇಡಬೇಡಿ. ಹರಟೆಮಲ್ಲಗಳ ಗುಂಪು ಆ ಎಲೆಗಳನ್ನು ಒಂದೊಂದಾಗಿ ಮಗುಚಿ ಹುಳ ಹೆಕ್ಕುವುದನ್ನು ನೋಡುವುದು ಬೆಳಗಿನ ಕಾಫಿಯ ಹೊತ್ತಿಗೆ ತಕ್ಕ ಕೆಲಸ. ಹಾಗೆಯೇ ನುಗ್ಗೆಯದೋ ಹಾಲುವಾಣದ್ದೋ ಒಣಕೊಂಬೆ ಯಾರ ತಲೆಯ ಮೇಲೂ ಬೀಳುವ ಹಾಗಿಲ್ಲದಿದ್ದರೆ ಅದನ್ನೂ ಉಳಿಸಿ. ಕಂಚುಗಾರ ಹಕ್ಕಿ ಪೊಟರೆ ಕೊರೆಯುವುದು ಇಂಥ ಲಡ್ಡು ಹಿಡಿದ ಮೆದು ಮರದಲ್ಲಿ, ಸಾಮಾನ್ಯವಾಗಿ ವಾಲಿದ ಕೊಂಬೆಯ ಕೆಳಮೈಯಲ್ಲಿ.

ಇನ್ನು ನೀರು. ದುಬಾರಿ ತೊಟ್ಟಿ ಬೇಡ, ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ಎರಡು ಬೆರಳಿನಷ್ಟು ಆಳ, ನಡುವೆ ಒಂದು ಒರಟು ಕಲ್ಲು. ಸಣ್ಣ ಹಕ್ಕಿಗಳು ಆ ಕಲ್ಲಿನ ಮೇಲೆ ಇಳಿದು ನೀರಿನ ಆಳ ನೋಡಿಕೊಳ್ಳುತ್ತವೆ. ತಟ್ಟೆ ನೆರಳಲ್ಲಿರಲಿ, ಹತ್ತಿರ ಹಾರಿ ಕೂರಲು ಗಿಡವಿರಲಿ, ಬೆಕ್ಕು ಹೊಂಚುಹಾಕುವಷ್ಟು ಒತ್ತಾಗಿ ಪೊದೆ ಇರಬಾರದು. ದಿನವೂ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ವಾರ ಹತ್ತು ದಿನ ಬೇಕು, ದಿನಾ ಚೆಲ್ಲುವ ನೀರಿನಲ್ಲಿ ಅದರ ಆಟ ನಡೆಯದು. ಪಿಕಳಾರಗಳು ಮಧ್ಯಾಹ್ನದ ಬಿಸಿಲಿಗೆ ಜೋಡಿಯಾಗಿ ಬಂದು ಮುಳುಗೆದ್ದು ಪುಕ್ಕ ಕೊಡವುವುದನ್ನು ಕಂಡವರು ತಟ್ಟೆಗೆ ನೀರು ತುಂಬಿಸುವುದನ್ನು ಮರೆಯುವುದಿಲ್ಲ.

ಜಾಗವಿದ್ದರೆ ಒಂದು ಗಸಗಸೆ ಹಣ್ಣಿನ ಮರ ನೆಡಿ. ಬೇಗ ಬೆಳೆಯುತ್ತದೆ, ವರ್ಷದ ಬಹುಪಾಲು ಹಣ್ಣು ಕೊಡುತ್ತದೆ, ಬದನಿಕೆ ಹಕ್ಕಿಯಿಂದ ಕೋಗಿಲೆಯವರೆಗೆ ಎಲ್ಲರಿಗೂ ಬೇಕು. ಕರಿಬೇವಿನ ಹಣ್ಣನ್ನೂ ಬೇಲಿಯ ತೊಂಡೆಹಣ್ಣನ್ನೂ ಪಿಕಳಾರ ಬಿಡುವುದಿಲ್ಲ. ಕಾಳು ಇಡಲೇಬೇಕೆನಿಸಿದರೆ ಒಂದು ಹಿಡಿ ನವಣೆ ಅಥವಾ ನುಚ್ಚಕ್ಕಿ, ಇಲ್ಲವೇ ಮಲೆನಾಡಿನ ಜಗಲಿಗಳಲ್ಲಿ ತೂಗುತ್ತಿದ್ದಂಥ ಭತ್ತದ ತೆನೆಯ ಗೊಂಚಲು. ಬೇಕರಿ ತಿಂಡಿ, ಉಪ್ಪಿನ ಕುರುಕಲು ಬೇಡ. ರಾಶಿ ಸುರಿದರೆ ಬರುವುದು ಪಾರಿವಾಳ ಮಾತ್ರ, ಅವು ಬಂದಲ್ಲಿ ಉಳಿದವಕ್ಕೆ ಎಡೆಯಿಲ್ಲ.

ನೋಡುವುದಕ್ಕೆ ದುರ್ಬೀನು ಇದ್ದರೆ ಸುಖ, ಇಲ್ಲದಿದ್ದರೂ ನಡೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಕೈಗೆ ಸಿಕ್ಕರೆ ಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಹದಿನೈದು ನಿಮಿಷ ಅಲುಗಾಡದೆ ಕೂತು ಕಂಡದ್ದನ್ನೆಲ್ಲ ಬರೆದಿಡಿ. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2013ರಿಂದ ಭಾರತದಲ್ಲೂ ಪ್ರತಿ ಫೆಬ್ರವರಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಕೇಳುವುದೂ ಇಷ್ಟನ್ನೇ. ಇ-ಬರ್ಡ್ ಜಾಲತಾಣದಲ್ಲಿ ಆ ಪಟ್ಟಿ ಸೇರಿಸಿದರೆ ನಿಮ್ಮ ಹಿತ್ತಲೂ ದೇಶದ ಲೆಕ್ಕಕ್ಕೆ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಹತ್ತಿರ ಕರೆಯುವ ಚಟ ಮಾತ್ರ ಈ ತಿಂಗಳುಗಳಲ್ಲಿ ಖಂಡಿತ ಬೇಡ. ಎದುರಾಳಿ ಬಂದನೆಂದು ಗಂಡು ಹಕ್ಕಿ ಗೂಡು, ಮೇವು ಎಲ್ಲ ಬಿಟ್ಟು ಇಲ್ಲದ ಶತ್ರುವನ್ನು ಹುಡುಕಿ ಸುಸ್ತಾಗುತ್ತದೆ.

ಪಿಕಳಾರ ಬಾಲ್ಕನಿಯ ಕುಂಡದಲ್ಲಿ ಗೂಡು ಕಟ್ಟಿದರೆ ಹೆಚ್ಚೆಂದರೆ ನಾಲ್ಕು ವಾರ ಆ ಕುಂಡವನ್ನು ಜರುಗಿಸದೆ, ಗೂಡಿಗೆ ತಾಗದಂತೆ ಬುಡಕ್ಕೆ ಮಾತ್ರ ನೀರು ಹಾಕಿ. ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ಪುಕ್ಕ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅನಾಥವೆಂದು ಎತ್ತಿ ತಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಾಲು ಕುಡಿಸಬೇಡಿ. ತಾಯಿ ತಂದೆ ಹತ್ತಿರದ ರೆಂಬೆಯಲ್ಲೇ ಇದ್ದು ಉಣಿಸುತ್ತಿರುತ್ತವೆ. ತೀರಾ ರಸ್ತೆಯ ಮೇಲಿದ್ದರೆ ಮೆಲ್ಲಗೆ ಎತ್ತಿ ಪಕ್ಕದ ಪೊದೆಗೆ ಸೇರಿಸಿ ದೂರ ಸರಿಯಿರಿ. ಮನೆಯ ಬೆಕ್ಕನ್ನು ಎರಡು ಮೂರು ದಿನ ಒಳಗೇ ಇರಿಸಿಕೊಳ್ಳಿ, ನೆರೆಮನೆಯವರಿಗೂ ಒಂದು ಮಾತು ಹೇಳಿ.