ಬಿಲ್ಲಿನ ಸಂಖ್ಯೆಗೆ ಕಾವಲು: ಯೂನಿಕ್ ಕನ್‌ಸ್ಟ್ರೇಂಟ್ ಮತ್ತು ಯೂನಿಕ್ ಇಂಡೆಕ್ಸ್

ಕೇಂದ್ರ ಜಿ.ಎಸ್.ಟಿ. ನಿಯಮಗಳು, 2017ರ 46ನೇ ನಿಯಮದಂತೆ ಬಿಲ್ಲಿನ ಸಂಖ್ಯೆಯು 16 ಅಕ್ಷರಗಳನ್ನು ಮೀರದೆ, ಆರ್ಥಿಕ ವರ್ಷದಲ್ಲಿ ಒಮ್ಮೆ ಮಾತ್ರ ಬರತಕ್ಕದ್ದು. ಹಳೇ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಇಬ್ಬರು ಗುಮಾಸ್ತರು ಏಕಕಾಲಕ್ಕೆ ಒಂದೇ ಸಂಖ್ಯೆ ನಮೂದಿಸಿದರೆ ಎರಡನೆಯದನ್ನು ಡೇಟಾಬೇಸೇ ತಿರಸ್ಕರಿಸಬೇಕು; ಇಲ್ಲವಾದರೆ ರಿಟರ್ನ್ ಸಲ್ಲಿಸುವಾಗ ತೊಡಕು.

ವರ್ಷ ಹಾಗೂ ಸಂಖ್ಯೆಯ ಜೋಡಿಗೆ ವಿಧಿಸುವ ಯೂನಿಕ್ ಕನ್‌ಸ್ಟ್ರೇಂಟ್ ಎಂಬುದು ನಿಯಮ. ಅದನ್ನು ಜಾರಿಗೊಳಿಸಲು ಡೇಟಾಬೇಸ್ ರಚಿಸಿಕೊಳ್ಳುವ ಸಾಧನ ಯೂನಿಕ್ ಇಂಡೆಕ್ಸ್. ತಡೆಯುವಲ್ಲಿ ಎರಡೂ ಸಮಾನ. ಆದರೆ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇಂಡೆಕ್ಸಿಗೆ ಮಾತ್ರ ಷರತ್ತು ಸೇರಿಸಬಹುದು. ಅಲ್ಲಿ ಗಿರಾಕಿಗಳ ಜಿ.ಎಸ್.ಟಿ. ಸಂಖ್ಯೆಗೆ ಕನ್‌ಸ್ಟ್ರೇಂಟ್ ವಿಧಿಸಿದರೆ ಒಂದೇ ಖಾಲಿ ನಮೂದಿಗೆ ಅವಕಾಶ. ನೋಂದಣಿಯಿಲ್ಲದ ಎರಡನೆಯ ಗಿರಾಕಿಯ ಖಾತೆ ತೆರೆಯದು. ‘ಸಂಖ್ಯೆ ಇದ್ದವರಿಗೆ ಮಾತ್ರ’ ಎಂಬ ಷರತ್ತಿನ ಇಂಡೆಕ್ಸ್ ಇದಕ್ಕೆ ಪರಿಹಾರ.

ಬಿಲ್ಲಿಗೆ ಕನ್‌ಸ್ಟ್ರೇಂಟ್, ಗಿರಾಕಿಗೆ ಷರತ್ತಿನ ಇಂಡೆಕ್ಸ್: ತಂತ್ರಾಂಶ ಕೊಳ್ಳುವ ಮುನ್ನ ವರ್ತಕರು ಇವೆರಡನ್ನೂ ವಿಚಾರಿಸುವುದು ಲೇಸು.