ಮಕ್ಕಳ ತಲೆಯ ಹೇನು: ಕಾರಣ ಮತ್ತು ನಿವಾರಣೆ

ಮಕ್ಕಳ ಆರೋಗ್ಯವೆಂದೊಡನೆ ನಮ್ಮ ಲಕ್ಷ್ಯವು ಜ್ವರ, ಕೆಮ್ಮು, ಪೌಷ್ಟಿಕ ಆಹಾರದ ಕೊರತೆ ಮುಂತಾದವುಗಳ ಕಡೆಗೆ ಹರಿಯುವುದು ಸಹಜವಾಗಿದೆ. ತಲೆಯ ಹೇನು ಇವುಗಳ ಸಾಲಿಗೆ ಸೇರದ ಕ್ಷುಲ್ಲಕ ವಿಷಯವೆಂದು ಅನೇಕರ ಭಾವನೆ. ಆದರೆ ರಾತ್ರಿಯೆಲ್ಲ ತಲೆ ಕೆರೆದುಕೊಂಡು ನಿದ್ದೆಗೆಟ್ಟ ಮಗು ಹಗಲಿನಲ್ಲಿ ಪಾಠಕ್ಕೆ ಮನಸ್ಸು ಕೊಡಲಾರದು. ಸಹಪಾಠಿಗಳ ಎದುರಿನಲ್ಲಿ ಹೇನಿನ ತಲೆಯವಳೆಂದು ಹಾಸ್ಯಕ್ಕೆ ಗುರಿಯಾದ ಬಾಲಕಿ ಮರುದಿನ ಶಾಲೆಗೆ ಬರಲು ಹಿಂಜರಿಯುತ್ತಾಳೆ. ಆದುದರಿಂದ ಈ ವಿಷಯವನ್ನು ತಾಯಿತಂದೆಯರೂ ಉಪಾಧ್ಯಾಯರೂ ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅವಶ್ಯಕ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯ ಜೀವನಕ್ರಮವೇ ಈ ಬಾಧೆಗೆ ಎಡೆಮಾಡಿಕೊಡುವಂತಿದೆ. ಮುಂಗಾರಿನ ತಿಂಗಳುಗಳಲ್ಲಿ ಮಕ್ಕಳು ಒಲೆಯ ಮುಂದೆ ಒತ್ತಾಗಿ ಕುಳಿತು, ಒಂದೇ ಕಂಬಳಿಯೊಳಗೆ ಇಬ್ಬರು ಮೂವರು ಮಲಗುವುದುಂಟು. ಕಾಫಿ ಕುಯ್ಲಿನ ಕಾಲದಲ್ಲಿ ತೋಟದ ಲೈನ್ ಮನೆಗಳ ತಾಯಂದಿರು ಬೆಳಗಾಗುತ್ತಲೇ ಹಣ್ಣು ಬಿಡಿಸಲು ಹೊರಡುತ್ತಾರೆ. ಮಗಳ ತಲೆ ಬಾಚಿ ನೋಡಲು ಅವರಿಗೆ ಬಿಡುವೆಲ್ಲಿ? ವಿದ್ಯಾರ್ಥಿನಿಲಯಗಳಲ್ಲಿಯೂ ಹಾಸಿಗೆಗಳು ಪಕ್ಕಪಕ್ಕದಲ್ಲಿಯೇ ಇರುತ್ತವೆ. ಹೇನು ಹರಡಲು ಕಾರಣವಾಗುವುದು ಮಳೆಯೂ ಅಲ್ಲ, ಬಡತನವೂ ಅಲ್ಲ. ತಲೆಗೆ ತಲೆ ತಾಗುವ ಈ ಸಾಮೀಪ್ಯ.

ಹೇನಿನ ಸ್ವಭಾವವನ್ನು ಅರಿತರೆ ಅರ್ಧ ಭಯ ತಾನೇ ಕಳೆಯುವುದು. ಬೆಳೆದ ಹೇನು 2ರಿಂದ 3 ಮಿಲಿಮೀಟರಿನಷ್ಟು ಉದ್ದದ್ದು. ಅದಕ್ಕೆ ರೆಕ್ಕೆಯಿಲ್ಲ, ಹಾರಲಾರದು, ನೆಗೆಯಲೂ ಬಾರದು. ಕೂದಲಿನಿಂದ ಕೂದಲಿಗೆ ಹರಿದು ಹೋಗುವುದೊಂದೇ ಅದಕ್ಕಿರುವ ದಾರಿ. ಅದರ ಆಯುಷ್ಯ ಸುಮಾರು 30 ದಿನ. ಹೆಣ್ಣು ಹೇನು ದಿನಕ್ಕೆ 8ರವರೆಗೆ ಮೊಟ್ಟೆಗಳನ್ನಿಟ್ಟು, ಅವುಗಳನ್ನು ಕೂದಲಿನ ಬುಡದಲ್ಲಿ ಗಟ್ಟಿಯಾಗಿ ಅಂಟಿಸುತ್ತದೆ. ಇವೇ ಸೀರು. ಸೀರು ಒಡೆದು ಮರಿ ಹೊರಬರಲು 7ರಿಂದ 10 ದಿನ. ಆ ಮರಿ ಬೆಳೆದು ತಾನೇ ಮೊಟ್ಟೆಯಿಡಲು ಮತ್ತೆ ಅಷ್ಟೇ ದಿನಗಳು ಬೇಕು. ತಲೆಯಿಂದ ಕೆಳಗೆ ಬಿದ್ದ ಹೇನು ರಕ್ತದ ಆಹಾರವಿಲ್ಲದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ.

ಕೊಳಕುತನದಿಂದಲೇ ಹೇನಾಗುವುದೆಂಬ ನಂಬಿಕೆ ಬಲವಾಗಿದೆ. ಇದು ಸತ್ಯಕ್ಕೆ ದೂರ. ನಿತ್ಯ ತೊಳೆದ ಕೂದಲಿಗೂ ಹೇನು ಅಷ್ಟೇ ಸುಲಭವಾಗಿ ಹತ್ತುತ್ತದೆ. ತೋಟದ ಮಾಲೀಕರ ಮಗುವಿಗೂ ಕಾರ್ಮಿಕರ ಮಗುವಿಗೂ ಅದು ಭೇದವೆಣಿಸದು. ಇನ್ನೊಂದು ಸಂಗತಿಯೂ ಗಮನಾರ್ಹ. ಮೊದಲ ಬಾರಿ ಹೇನು ಹತ್ತಿದ ಮಗುವಿಗೆ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರಗಳಾಗಬಹುದು. ಆದಕಾರಣ ನಿನ್ನೆ ಪಕ್ಕದಲ್ಲಿ ಕುಳಿತ ಸಹಪಾಠಿಯನ್ನು ದೂರುವುದು ಅನ್ಯಾಯವೇ ಸರಿ. ತಲೆಯ ಹೇನು ಬೇರೆ ರೋಗಗಳನ್ನು ಹರಡುವುದಿಲ್ಲವೆಂಬುದೂ ಸಮಾಧಾನದ ಮಾತು. ಟೈಫಸ್ ಜ್ವರವನ್ನು ಹರಡುವುದೆಂದು ಷಾರ್ಲ್ ನಿಕೋಲ್ ಎಂಬ ವಿಜ್ಞಾನಿ 1909ರಲ್ಲಿ ತೋರಿಸಿಕೊಟ್ಟುದು ಬಟ್ಟೆಯ ಮಡಿಕೆಗಳಲ್ಲಿ ಅಡಗುವ ಕೂರೆಯನ್ನು ಕುರಿತು. ಆದರೆ ಕೆರೆದು ಕೆರೆದು ಹುಣ್ಣಾಗಿ ಕೀವು ತುಂಬಿದರೆ, ಕತ್ತಿನ ಗ್ರಂಥಿಗಳು ಊದಿಕೊಂಡರೆ, ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಲೇಬೇಕು.

ಇನ್ನು ಪರಿಹಾರದ ವಿಚಾರ. ಔಷಧಿಗಿಂತ ಮೊದಲು ಹೇಳಬೇಕಾದುದು ಸೀರಣಿಗೆಯ ಮಹತ್ವವನ್ನು. ಜಗಲಿಯ ಬೆಳಕಿನಲ್ಲಿ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ನೋಡುತ್ತಿದ್ದ ನಮ್ಮ ಅಜ್ಜಿಯರ ರೂಢಿ ಕೇವಲ ಕಾಲಹರಣವಾಗಿರಲಿಲ್ಲ. ಕೂದಲಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆಯನ್ನೋ, ತೊಳೆದ ಒದ್ದೆ ಕೂದಲಿಗೆ ಕಂಡೀಷನರನ್ನೋ ಹಚ್ಚಿದರೆ ಹೇನಿನ ಓಡಾಟ ನಿಧಾನವಾಗುವುದಲ್ಲದೆ ಹಲ್ಲುಗಳು ಸರಾಗವಾಗಿ ಹರಿಯುತ್ತವೆ. ಅನಂತರ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ವಿಂಗಡಿಸಿ, ಬುಡದಿಂದ ತುದಿಯವರೆಗೆ ಸೀರಣಿಗೆಯನ್ನೆಳೆದು, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರೆಸಬೇಕು. ಕಿವಿಯ ಹಿಂಭಾಗವನ್ನೂ ಕತ್ತಿನ ಹಿಂಭಾಗವನ್ನೂ ವಿಶೇಷವಾಗಿ ನೋಡಬೇಕು. ಬೆರಳಿನಿಂದ ತಟ್ಟಿದರೆ ಉದುರುವುದು ಹೊಟ್ಟು. ಉದುರದೆ ಕೂದಲಿಗೆ ಅಂಟಿಕೊಂಡಿರುವುದು ಸೀರು.

ಇದನ್ನು 1, 5, 9 ಮತ್ತು 13ನೆಯ ದಿನಗಳಂದು ತಪ್ಪದೆ ಮಾಡಿ, 17ನೆಯ ದಿನ ಮತ್ತೊಮ್ಮೆ ಪರೀಕ್ಷಿಸಬೇಕು. ಮೊದಲ ದಿನ ತಪ್ಪಿಸಿಕೊಂಡ ಸೀರಿನಿಂದ ಹೊರಬರುವ ಮರಿಗಳು ಬೆಳೆದು ಮೊಟ್ಟೆಯಿಡುವ ಮುನ್ನವೇ ಸೀರಣಿಗೆಗೆ ಸಿಕ್ಕಬೇಕೆಂಬುದೇ ಈ ಲೆಕ್ಕದ ತಾತ್ಪರ್ಯ. ಕಾಫಿ ಬೆಳೆಗಾರರಿಗೆ ಈ ನ್ಯಾಯ ಹೊಸದಲ್ಲ. ಕಾಂಡಕೊರಕ ಹಿಡಿದ ಗಿಡವನ್ನು ದುಂಬಿ ಹೊರಬರುವ ಮೊದಲೇ ಕಿತ್ತು ಸುಡುತ್ತೇವೆ. ಪಕ್ಕದ ತೋಟದವರು ಸುಮ್ಮನಿದ್ದರೆ ನಮ್ಮ ಶ್ರಮ ವ್ಯರ್ಥವಾಗುತ್ತದೆ. ಅಂತೆಯೇ ಮನೆಯ ಎಲ್ಲರ ತಲೆಯನ್ನೂ ಒಂದೇ ದಿನ ನೋಡಬೇಕು. ಹೇನು ಕಂಡವರೆಲ್ಲರಿಗೂ ಅಂದೇ ಚಿಕಿತ್ಸೆ ಆರಂಭವಾಗಬೇಕು. ಮಗಳ ತಲೆ ಶುದ್ಧವಾಗಿ ತಾಯಿಯ ತಲೆಯಲ್ಲಿ ಹೇನು ಉಳಿದರೆ ಫಲವೇನು?

ಔಷಧಿ ಬೇಕೆನಿಸಿದರೆ ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಇದೆ. ಎಣ್ಣೆಯಂಶ ಹೋಗುವಂತೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷಗಳ ನಂತರ ತೊಳೆಯಬೇಕು. ಅದು ಸೀರನ್ನು ಪೂರ್ಣವಾಗಿ ಕೊಲ್ಲಲಾರದಾದ್ದರಿಂದ 9ನೆಯ ದಿನದ ಸುಮಾರಿಗೆ ಮತ್ತೊಮ್ಮೆ ಹಚ್ಚುವುದು ಅಗತ್ಯ. ಕೆಲವೆಡೆ ಹೇನುಗಳು ಈ ಔಷಧಿಗೆ ಬಗ್ಗುತ್ತಿಲ್ಲ. ಆಗ ಪ್ರಮಾಣವನ್ನು ಹೆಚ್ಚಿಸದೆ ವೈದ್ಯರನ್ನು ಕೇಳಬೇಕು. 2 ತಿಂಗಳು ತುಂಬದ ಶಿಶುಗಳಿಗೆ ಇದು ಸಲ್ಲದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದು ಕಾಲದಲ್ಲಿ ಕಾಂಡಕೊರಕದ ಹತೋಟಿಗಾಗಿ ಕಾಫಿಗಿಡದ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ ಎಂಬ ರಾಸಾಯನಿಕವೇ ಹೇನಿನ ಲೋಷನ್ನುಗಳಲ್ಲಿಯೂ ಇರುತ್ತಿತ್ತು. ಅದು ನರಮಂಡಲಕ್ಕೆ ಹಾನಿಮಾಡಿ ಅಪಸ್ಮಾರದಂತಹ ಸೆಳವನ್ನು ಉಂಟುಮಾಡಬಲ್ಲದು. ಭಾರತದಲ್ಲಿ ಕೀಟನಾಶಕವಾಗಿ ಅದರ ತಯಾರಿಕೆಯು 2011ರಲ್ಲಿಯೂ ಬಳಕೆಯು 2013ರಲ್ಲಿಯೂ ನಿಷೇಧಿಸಲ್ಪಟ್ಟವು. ಗಿಡಕ್ಕೆ ಒಗ್ಗಿದ್ದು ಮಗುವಿನ ತಲೆಗೂ ಒಗ್ಗುವುದೆಂಬ ಊಹೆಯಿಂದ ತೋಟದ ಉಗ್ರಾಣದ ಯಾವ ಕೀಟನಾಶಕವನ್ನೂ ಎಂದಿಗೂ ಹಚ್ಚಕೂಡದು. ಸೀಮೆಎಣ್ಣೆ ಹಚ್ಚಿದ ತಲೆಯೊಂದಿಗೆ ಒಲೆಯ ಬಳಿ ಕುಳಿತ ಮಗುವಿನ ಪ್ರಾಣಕ್ಕೇ ಅಪಾಯ. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದಾದರೂ ಕಣ್ಣಿಗೆ ಬಿದ್ದರೆ ಪಾಪೆಯನ್ನು ಸುಡುವಂತಹದು. ಕರ್ಪೂರವೂ ಎಳೆಯ ಮಕ್ಕಳಿಗೆ ವಿಷಕಾರಿ. ತಲೆ ಬೋಳಿಸುವುದಂತೂ ಅನಾವಶ್ಯಕ. ಬಾಲಕಿಯ ಪಾಲಿಗೆ ಅದು ಚಿಕಿತ್ಸೆಯಾಗದೆ ಶಿಕ್ಷೆಯಾಗಿಯೇ ಪರಿಣಮಿಸುತ್ತದೆ.

ಹಿಂದಿನ ಎರಡು ದಿನ ಬಳಸಿದ ದಿಂಬಿನ ಚೀಲ, ಟವೆಲ್ಲು, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ತೊಳೆದರೆ ಸಾಕು. ಮಳೆಗಾಲದಲ್ಲಿ ಕಂಬಳಿಯನ್ನು ತೊಳೆದು ಒಣಗಿಸುವುದು ನಮ್ಮ ಮಲೆನಾಡಿನಲ್ಲಿ ಆಗದ ಮಾತು. ಅದನ್ನು ಎರಡು ವಾರ ಚೀಲದಲ್ಲಿ ಕಟ್ಟಿಟ್ಟು ಬಳಸದಿದ್ದರೆ ಹೇನು ತಾನಾಗಿ ನಾಶವಾಗುವುದು. ಮನೆಯೆಲ್ಲ ಔಷಧಿ ಸಿಂಪಡಿಸಬೇಕಾದುದಿಲ್ಲ.

ಕೊನೆಯದಾಗಿ ಶಾಲೆಯ ಹೊಣೆ. ಹೇನಿರುವ ಮಗುವನ್ನು ತರಗತಿಯಿಂದ ಹೊರಗೆ ಕಳುಹಿಸುವುದು ಹಲವೆಡೆ ರೂಢಿಯಲ್ಲಿತ್ತು. ಆ ಕಾರಣಕ್ಕಾಗಿ ಆರೋಗ್ಯವಂತ ಮಗುವನ್ನು ಶಾಲೆಯಿಂದ ದೂರವಿಡಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರ ತನ್ನ ವರದಿಯಲ್ಲಿ ಸ್ಪಷ್ಟಪಡಿಸಿದೆ. ತುರಿಕೆ ಕಾಣುವ ಹೊತ್ತಿಗೆ ವಾರಗಳೇ ಕಳೆದಿರುವುದರಿಂದ ಒಂದು ದಿನದ ಬಹಿಷ್ಕಾರದಿಂದ ಯಾರಿಗೂ ರಕ್ಷಣೆ ದೊರೆಯದು. ನಷ್ಟವಾಗುವುದು ಆ ಮಗುವಿನ ಪಾಠ ಮತ್ತು ಮಾನ. ಉಪಾಧ್ಯಾಯರು ತರಗತಿಯ ಮುಂದೆ ಹೆಸರೆತ್ತದೆ, ತಾಯಿಗೆ ಗುಟ್ಟಾಗಿ ತಿಳಿಸಿ, ಬಾಚುವ ದಿನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ವಿದ್ಯಾರ್ಥಿನಿಲಯಗಳಲ್ಲಿ ವಾರಕ್ಕೊಂದು ಸಂಜೆ ಎಲ್ಲ ಮಕ್ಕಳ ತಲೆ ನೋಡುವ ಪದ್ಧತಿಯಿದ್ದರೆ ಯಾರೊಬ್ಬರೂ ಗುರಿಯಾಗುವುದಿಲ್ಲ. ಕಟ್ಟಡಕ್ಕೂ ಪೀಠೋಪಕರಣಕ್ಕೂ ಉದಾರವಾಗಿ ನೀಡುವ ದಾನಿಗಳು ಪ್ರತಿಯೊಂದು ಮಗುವಿಗೂ ಒಳ್ಳೆಯ ಸೀರಣಿಗೆಯೊಂದನ್ನು ಒದಗಿಸಲು ಮನಸ್ಸು ಮಾಡಿದರೆ ಅದು ಅಲ್ಪವೆಚ್ಚದ ಮಹದುಪಕಾರವಾಗುವುದರಲ್ಲಿ ಸಂದೇಹವಿಲ್ಲ.